ಮನೆ ವೈಫೈ ಪಾಸ್‌ವರ್ಡ್ ಬದಲಿಸುವುದು ಹೇಗೆ: ಬಳ್ಳಾರಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ವೈಫೈ ಪಾಸ್‌ವರ್ಡ್ ಬದಲಿಸಲು ಐದು ನಿಮಿಷ ಸಾಕು. ಆಮೇಲೆ "ನೆಟ್ ಬರ್ತಿಲ್ಲ" ಎಂದು ಒಬ್ಬೊಬ್ಬರೇ ಕೂಗುವುದನ್ನು ಸುಧಾರಿಸಲು ಅರ್ಧ ದಿನ ಬೇಕು. ಅದಕ್ಕೇ ಬಹಳ ಜನ ಆ ಗೊಡವೆಗೇ ಹೋಗುವುದಿಲ್ಲ. ನೆಟ್ ಹಾಕಲು ಬಂದ ಹುಡುಗ ಅವತ್ತು ಇಟ್ಟುಕೊಟ್ಟ ಪಾಸ್‌ವರ್ಡೇ ವರ್ಷಗಟ್ಟಲೆ ನಡೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಯಜಮಾನರ ಮೊಬೈಲ್ ನಂಬರ್.

ಬಳ್ಳಾರಿಯಲ್ಲಿ ಗಾಂಧಿನಗರ, ಸತ್ಯನಾರಾಯಣ ಪೇಟೆ, ಕೌಲ್ ಬಜಾರ್ ಎಲ್ಲೇ ನೋಡಿ, ಕೆಳಗೆ ಮಾಲೀಕರು, ಮೇಲೆ ಒಂದೋ ಎರಡೋ ಪೋರ್ಷನ್ ಬಾಡಿಗೆ. ಬಾಡಿಗೆಗೆ ಮೆಡಿಕಲ್ಲೋ ಇಂಜಿನಿಯರಿಂಗೋ ಓದುವ ಹುಡುಗರು, ಇಲ್ಲವೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ ಬರುವವರು. ಕೆಲವು ಕಡೆ ಮನೆ ಕೆಳಗೇ ಜೀನ್ಸ್ ಹೊಲಿಯುವ ಶೆಡ್. ಕನೆಕ್ಷನ್ ಒಂದು, ಬಳಸುವವರು ಹನ್ನೆರಡು ಜನ. ಹುಡುಗರು ಓದು ಮುಗಿಸಿ ರೂಮ್ ಖಾಲಿ ಮಾಡುತ್ತಾರೆ, ಬೀಗದ ಕೈ ವಾಪಸ್ ಕೊಡುತ್ತಾರೆ. ವೈಫೈ ಪಾಸ್‌ವರ್ಡ್ ಮಾತ್ರ ಅವರ ಫೋನಿನಲ್ಲೇ ಉಳಿಯುತ್ತದೆ.

ಉಳಿದರೆ ಏನಾಯ್ತು, ಸ್ವಲ್ಪ ಡೇಟಾ ತಾನೇ ಅನ್ನಬಹುದು. ಡೇಟಾ ದೊಡ್ಡ ವಿಷಯವಲ್ಲ, ನಿಜ. ಆದರೆ 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಒಂದು ಮನೆಯ ಬಾಗಿಲಲ್ಲಿ. ಅಲ್ಲಿದ್ದವರು ಒಬ್ಬ ಅಮೆರಿಕನ್. ಅವರ ವೈಫೈ ಅನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ನೆಟ್‌ನಲ್ಲಿ ಏನೇ ನಡೆದರೂ ಮೊದಲು ವಿಚಾರಣೆಗೆ ಕರೆ ಬರುವುದು ಬಿಲ್ ಯಾರ ಹೆಸರಲ್ಲಿದೆಯೋ ಅವರಿಗೆ.

ಹಾಗಂತ ತಿಂಗಳಿಗೊಮ್ಮೆ ಬದಲಿಸುತ್ತಾ ಕೂರಬೇಕಿಲ್ಲ. ಒಮ್ಮೆ ಗಟ್ಟಿ ಪಾಸ್‌ವರ್ಡ್ ಇಟ್ಟರೆ ಆಯಿತು. ಬಾಡಿಗೆಯವರು ಬಿಟ್ಟಾಗ, ಕೆಲಸದವರು ಬದಲಾದಾಗ, ಫೋನ್ ಕಳೆದುಹೋದಾಗ, ನೆಟ್ ಕಾರಣವಿಲ್ಲದೆ ನಿಧಾನವಾಗಿ ಗುರುತಿಲ್ಲದ ಸಾಧನ ಕಂಡಾಗ ಬದಲಿಸಿದರೆ ಸಾಕು.

ಮೊದಲು ಪಾಸ್‌ವರ್ಡ್ ಯೋಚಿಸಿಕೊಳ್ಳಿ

ರೂಟರ್‌ನ, ಅಂದರೆ ವೈಫೈ ಕೊಡುವ ಡಬ್ಬಿಯ ಸೆಟ್ಟಿಂಗ್ಸ್ ಪುಟ ತೆರೆದ ಮೇಲೆ ಯೋಚಿಸಲು ಕೂತರೆ ಕೈ ತಾನಾಗಿ ಮೊಬೈಲ್ ನಂಬರ್ ಒತ್ತುತ್ತದೆ. ಅದು ಯಾಕೆ ಬೇಡ ಎಂದು ಲೆಕ್ಕ ಹಾಕಿ ನೋಡೋಣ.

ನಮ್ಮ ದೇಶದ ಮೊಬೈಲ್ ನಂಬರ್‌ಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಅಂದರೆ ಇರಬಹುದಾದ ನಂಬರ್‌ಗಳು ಒಟ್ಟು 400 ಕೋಟಿ. ಕೇಳಲು ಜಾಸ್ತಿ ಅನಿಸುತ್ತದೆ. ಆದರೆ ವೈಫೈ ಒಡೆಯುವವನು ನಿಮ್ಮ ರೂಟರ್ ಮುಂದೆ ನಿಂತು ಒಂದೊಂದಾಗಿ ಪ್ರಯತ್ನಿಸುವುದಿಲ್ಲ. ನಿಮ್ಮ ಫೋನ್ ರೂಟರ್‌ಗೆ ಸೇರುವಾಗ ಗಾಳಿಯಲ್ಲಿ ನಡೆಯುವ ನಾಲ್ಕು ಮಾತುಗಳನ್ನು ಹಿಡಿದಿಟ್ಟುಕೊಂಡು ಹೋಗುತ್ತಾನೆ. ಆಮೇಲೆ ತನ್ನ ಕಂಪ್ಯೂಟರ್‌ನಲ್ಲಿ ಆರಾಮಾಗಿ ಪರೀಕ್ಷಿಸುತ್ತಾನೆ. ಗೇಮ್ ಆಡಲು ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಪಾಸ್‌ವರ್ಡ್ ಪರೀಕ್ಷಿಸಬಲ್ಲದು. 400 ಕೋಟಿಯನ್ನು 10 ಲಕ್ಷದಿಂದ ಭಾಗಿಸಿದರೆ 4,000 ಸೆಕೆಂಡ್. ಒಂದು ಗಂಟೆ ಏಳು ನಿಮಿಷ. ಇನ್ನು ಪಕ್ಕದ ಮನೆಯವರ ಬಳಿ ನಿಮ್ಮ ನಂಬರ್ ಹೇಗೂ ಇರುತ್ತದೆ, ಅವರಿಗೆ ಅಷ್ಟು ಹೊತ್ತೂ ಬೇಡ.

ಇದೇ ಲೆಕ್ಕದಲ್ಲಿ, ಸುಮ್ನೆ ಎರಚಿದಂತಿರುವ 8 ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ಎರಡೂವರೆ ದಿನ ತಡೆಯುತ್ತದೆ. 12 ಅಕ್ಷರ ಇದ್ದರೆ ಮೂರು ಸಾವಿರ ವರ್ಷ. ನಡುವೆ ಸೇರಿದ್ದು ನಾಲ್ಕೇ ಅಕ್ಷರ. ಹಾಗಾಗಿ ಚಿಹ್ನೆ, ದೊಡ್ಡ ಅಕ್ಷರ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಉದ್ದ ಮಾಡಿ. ವೈಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು.

ನನಗೆ ಹಿಡಿಸಿದ ಉಪಾಯ ಇದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದ ತೆಗೆದುಕೊಳ್ಳಿ. ಮಂಡಕ್ಕಿ, ಗುದ್ದಲಿ, ಕೊಡಪಾನ, ಮಿಂಚು ಅನ್ನೋ ಥರ. ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು ನಡುವೆ ಒಂದೊಂದು ಅಡ್ಡಗೆರೆ ಹಾಕಿ, ಕೊನೆಗೆ ಎರಡು ಅಂಕಿ ಸೇರಿಸಿ. ಪುಸ್ತಕವೊಂದನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ಪದಗಳನ್ನೇ ಆರಿಸಿದರೆ ಇನ್ನೂ ಒಳ್ಳೆಯದು. ಮಕ್ಕಳ ಹೆಸರು, ಮನೆದೇವರ ಹೆಸರು, ಗಾಡಿ ನಂಬರ್ ಬೇಡವೇ ಬೇಡ. ಇಲ್ಲಿ ಕೊಟ್ಟ ಪದಗಳನ್ನೂ ಹಾಗೇ ಎತ್ತಿಕೊಳ್ಳಬೇಡಿ.

ಇದರಲ್ಲಿ ಒಂದೇ ತೊಡಕು. ಕನ್ನಡ ಪದವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಕೊಡಪಾನದ ದೀರ್ಘಕ್ಕೆ ನೀವು ಎರಡು 'ಎ' ಹಾಕಿದರೆ ಮಗಳು ಒಂದೇ ಹಾಕುತ್ತಾಳೆ. ಒಂದು ಸ್ಪೆಲಿಂಗ್ ಗಟ್ಟಿ ಮಾಡಿ ಕಾಗದದಲ್ಲಿ ಬರೆದಿಡಿ. ಬರೆದಿಡುವುದು ತಪ್ಪಲ್ಲ, ಬೀರುವಿನೊಳಗೆ ಇರಲಿ. ರೂಟರ್ ಪಕ್ಕದ ಗೋಡೆಗೆ ಅಂಟಿಸುವುದು ಬೇಡ.

ನೇರವಾಗಿ ಕನ್ನಡ ಲಿಪಿಯಲ್ಲೇ ಇಡಬಹುದಾ? ಹೆಚ್ಚಿನ ರೂಟರ್‌ಗಳು ಒಪ್ಪುವುದಿಲ್ಲ. ಒಪ್ಪಿದರೂ ಟಿವಿಯಲ್ಲಿ ಟೈಪ್ ಮಾಡಲು ಆಗುವುದಿಲ್ಲ.

ಕೈ ಹಾಕುವ ಮುನ್ನ

ರೂಟರ್ ತಿರುಗಿಸಿ ಅಡಿಯಲ್ಲಿರುವ ಸ್ಟಿಕ್ಕರ್‌ನ ಫೋಟೋ ತೆಗೆದುಕೊಳ್ಳಿ. ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಬರೆದುಕೊಳ್ಳಿ.

ಆಮೇಲೆ ಮನೆಯೆಲ್ಲ ಒಂದು ಸುತ್ತು ಹಾಕಿ, ವೈಫೈಗೆ ಏನೇನು ಅಂಟಿಕೊಂಡಿದೆ ಎಂದು ಪಟ್ಟಿ ಮಾಡಿ. ಫೋನು, ಲ್ಯಾಪ್‌ಟಾಪ್, ಟಿವಿ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಬೇರೆಯವು: ಪ್ರಿಂಟರ್, ಗೇಟಿನ ಮೇಲಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬು, ಹೊಸ ಎಸಿ, ಮತ್ತು ಮಾಳಿಗೆ ಮೇಲಿನ ಸೋಲಾರ್. ಈಚೆಗೆ ನಮ್ಮ ಕಡೆ ಮನೆ ಮೇಲೆ ಸೋಲಾರ್ ಹಾಕಿಸುವವರು ಜಾಸ್ತಿ ಆಗಿದ್ದಾರೆ. ಅದರ ಇನ್ವರ್ಟರ್‌ನಲ್ಲಿ ಒಂದು ಪುಟ್ಟ ವೈಫೈ ಡಾಂಗಲ್ ಇರುತ್ತದೆ. ಪಾಸ್‌ವರ್ಡ್ ಬದಲಾದರೆ ಕರೆಂಟ್ ಉತ್ಪಾದನೆ ನಿಲ್ಲುವುದಿಲ್ಲ, ಆದರೆ ಆಪ್‌ನಲ್ಲಿ ಗ್ರಾಫ್ ನಿಂತುಬಿಡುತ್ತದೆ. "ಪ್ಯಾನೆಲ್ ಕೆಟ್ಟಿದೆ" ಎಂದು ಕಂಪನಿಗೆ ಫೋನ್ ಮಾಡುವ ಮುನ್ನ ಇದು ನೆನಪಿರಲಿ.

ಸಮಯ ನೋಡಿಕೊಂಡು ಮಾಡಿ. ಮಕ್ಕಳ ಆನ್‌ಲೈನ್ ಪರೀಕ್ಷೆ, ಮನೆಯಿಂದಲೇ ಆಫೀಸ್ ಕೆಲಸ ಮಾಡುವವರ ಮೀಟಿಂಗ್ ನಡೆಯುವಾಗ ಬೇಡ. ಭಾನುವಾರ ಬೆಳಿಗ್ಗೆ ಒಳ್ಳೆಯದು.

ಇನ್ನೊಂದು ನೋಡಿಕೊಳ್ಳಬೇಕು. ಮನೆಯಲ್ಲಿ ಡಬ್ಬಿ ಒಂದಿದೆಯೋ ಎರಡಿದೆಯೋ? ಫೈಬರ್ ತಂತಿ ಬಂದು ಸೇರುವ ಡಬ್ಬಿಯೇ ವೈಫೈ ಕೊಡುತ್ತಿರಬಹುದು. ಅಥವಾ ಅದರಿಂದ ಇನ್ನೊಂದು ವೈರ್ ಎಳೆದು ನೀವು ಕೊಂಡ ರೂಟರ್‌ಗೆ ಹಾಕಿರಬಹುದು. ಎರಡೂ ವೈಫೈ ಬಿಡುತ್ತಿದ್ದರೆ ಎರಡರಲ್ಲೂ ಬದಲಿಸಬೇಕು. ಒಂದನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ.

ರೂಟರ್ ಪುಟಕ್ಕೆ ಹೋಗುವುದು

ಮೊದಲು ನಿಮ್ಮ ಕಂಪನಿಯ ಆಪ್ ನೋಡಿ. ಜಿಯೋದವರಿಗೆ ಮೈಜಿಯೋ, ಏರ್‌ಟೆಲ್‌ನವರಿಗೆ ಏರ್‌ಟೆಲ್ ಥ್ಯಾಂಕ್ಸ್, ಟಿಪಿ-ಲಿಂಕ್ ರೂಟರ್ ಇದ್ದರೆ ಟೆದರ್. ಇವುಗಳಲ್ಲಿ ವೈಫೈ ಪಾಸ್‌ವರ್ಡ್ ಬದಲಿಸುವ ಸೌಲಭ್ಯ ಸಿಕ್ಕಿದರೆ ಅದೇ ಸುಲಭ, ಈ ಭಾಗ ಬಿಟ್ಟು ಮುಂದೆ ಹೋಗಿ. ಊರಿನ ಕೇಬಲ್‌ನವರ ನೆಟ್ ಆದರೆ ಬ್ರೌಸರ್ ದಾರಿಯೇ ಗತಿ. ಅದೂ ಕಷ್ಟವಲ್ಲ.

ನಿಮ್ಮ ವೈಫೈಗೆ ಸೇರಿರುವ ಫೋನ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ. ಇದನ್ನು ಮರೆತೇ ಅರ್ಧ ಜನ "ಪುಟ ತೆರೆಯೋದೇ ಇಲ್ಲ" ಎಂದು ಕೈಬಿಡುತ್ತಾರೆ. ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ವೈರ್ ಹಾಕಿ ಮಾಡುವುದಾದರೆ ಇನ್ನೂ ಚೆಂದ. ಪಾಸ್‌ವರ್ಡ್ ಬದಲಾದ ಮೇಲೂ ಅದು ಕಡಿದುಹೋಗುವುದಿಲ್ಲ.

ಈಗ ರೂಟರ್‌ನ ವಿಳಾಸ ಬೇಕು. ಬಿಎಸ್‌ಎನ್‌ಎಲ್ ಫೈಬರ್ ಮತ್ತು ಏರ್‌ಟೆಲ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ 192.168.1.1. ಜಿಯೋ ಫೈಬರ್‌ನಲ್ಲಿ 192.168.29.1. ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾದಲ್ಲಿ ಹೆಚ್ಚಾಗಿ 192.168.0.1. ಊಹೆ ಬೇಡ ಅಂದರೆ ಫೋನೇ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ವೈಫೈ, ನಿಮ್ಮ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ 'ಗೇಟ್‌ವೇ' ಎಂಬ ಸಾಲು ನೋಡಿ. ಐಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ 'ಐ' ಗುರುತು ಒತ್ತಿದರೆ 'ರೂಟರ್' ಎಂದಿರುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' (ipconfig) ಎಂದು ಟೈಪ್ ಮಾಡಿ, 'ಡಿಫಾಲ್ಟ್ ಗೇಟ್‌ವೇ' ಮುಂದಿನ ನಂಬರ್ ತೆಗೆದುಕೊಳ್ಳಿ.

ಆ ನಂಬರನ್ನು ಬ್ರೌಸರ್‌ನ ಮೇಲಿನ ವಿಳಾಸದ ಪಟ್ಟಿಯಲ್ಲಿ ಟೈಪ್ ಮಾಡಿ, ಗೂಗಲ್ ಹುಡುಕಾಟದಲ್ಲಿ ಅಲ್ಲ. ಗೂಗಲ್‌ನಲ್ಲಿ ಹುಡುಕಿದರೆ "ರೂಟರ್ ಲಾಗಿನ್ ಸಹಾಯ" ಎಂಬ ಜಾಹೀರಾತು, ಕಸ್ಟಮರ್ ಕೇರ್ ಹೆಸರಿನ ನಂಬರ್‌ಗಳು ಎದುರಾಗಬಹುದು. ಅವಕ್ಕೆ ಫೋನ್ ಮಾಡಬೇಡಿ. ಪುಟ ತೆರೆದಾಗ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬಂದರೆ ಹೆದರಬೇಡಿ. ನೀವು ಮಾತಾಡುತ್ತಿರುವುದು ನಿಮ್ಮ ಮನೆಯ ಡಬ್ಬಿಯ ಜೊತೆಗೇ, ಮುಂದುವರಿಯಿರಿ. ಬ್ಯಾಂಕಿನ ಪುಟದಲ್ಲಿ ಅದೇ ಎಚ್ಚರಿಕೆ ಬಂದರೆ ಮಾತ್ರ ಅಲ್ಲೇ ನಿಲ್ಲಿ.

ಈಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್. ಸ್ಟಿಕ್ಕರ್ ಮೇಲೆ ಇರುತ್ತದೆ. ಹಳೆಯ ರೂಟರ್‌ಗಳಲ್ಲಿ ಎರಡೂ ಜಾಗಕ್ಕೆ 'ಅಡ್ಮಿನ್' ಎಂದೇ ಇರುವುದುಂಟು. ಎರಡೂ ಆಗದಿದ್ದರೆ ನೆಟ್ ಹಾಕಿದವರಿಗೆ ಫೋನ್ ಮಾಡಿ ಕೇಳಿ. ರೀಸೆಟ್ ಬಟನ್ ಕಡೆ ಕೈ ಹೋಗುವುದು ಬೇಡ. ಅದರ ಕಥೆ ಕೊನೆಯಲ್ಲಿದೆ.

ಬದಲಾವಣೆ

ಒಳಗೆ ಹೋದ ಮೇಲೆ 'ವೈರ್‌ಲೆಸ್', 'ಡಬ್ಲ್ಯುಲ್ಯಾನ್' ಅಥವಾ 'ವೈಫೈ ಸೆಟ್ಟಿಂಗ್ಸ್' ಎಂಬ ಮೆನು ಹುಡುಕಿ. ಫೈಬರ್ ಡಬ್ಬಿಗಳಲ್ಲಿ ಅದು 'ನೆಟ್‌ವರ್ಕ್' ಎಂಬುದರ ಒಳಗೆ ಅಡಗಿರುತ್ತದೆ. ಅದರೊಳಗೆ 'ಸೆಕ್ಯುರಿಟಿ' ಎಂಬ ಭಾಗ. ಮುಖ್ಯವಾಗಿ ನೋಡಬೇಕಾದ್ದು ಮೂರು.

'ಎಸ್‌ಎಸ್‌ಐಡಿ' ಎಂದರೆ ನಿಮ್ಮ ವೈಫೈ ಹೆಸರು. ಅದರಲ್ಲಿ ನಿಮ್ಮ ಹೆಸರು, ಮನೆ ನಂಬರ್ ಇದ್ದರೆ ತೆಗೆದುಬಿಡಿ. ಯಾರ ಮನೆ ಎಂದು ಬೀದಿಗೆಲ್ಲ ಸಾರುವ ಅಗತ್ಯ ಏನಿದೆ ಅಲ್ವಾ?

'ಸೆಕ್ಯುರಿಟಿ ಮೋಡ್' ಅಥವಾ 'ಆಥೆಂಟಿಕೇಷನ್' ಎಂಬಲ್ಲಿ ವೈಫೈಗೆ ಯಾವ ಬಗೆಯ ಬೀಗ ಎಂದು ಆರಿಸಬೇಕು. ಅಲ್ಲಿ ಡಬ್ಲ್ಯುಪಿಎ2 ಮತ್ತು ಎಇಎಸ್ ಇರಲಿ. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇದ್ದರೆ ಅದನ್ನೇ ಹಾಕಿ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದೊಂದನ್ನೇ ಇಟ್ಟರೆ ಹಳೆ ಟಿವಿ, ಹಳೆ ಫೋನ್ ಸೇರುವುದಿಲ್ಲ. ಡಬ್ಲ್ಯುಪಿಎ3ಯ ಲಾಭ ಎಂದರೆ ಮೇಲೆ ಹೇಳಿದ ಹಿಡಿದುಕೊಂಡು ಹೋಗಿ ಪರೀಕ್ಷಿಸುವ ಆಟ ಅದರ ಮುಂದೆ ನಡೆಯುವುದಿಲ್ಲ. ನಿಮ್ಮ ರೂಟರ್‌ನಲ್ಲಿ 'ವೆಪ್' ಎಂಬ ಹಳೆಯ ಬಗೆ ಬಿಟ್ಟು ಬೇರೆ ಆಯ್ಕೆಯೇ ಇಲ್ಲದಿದ್ದರೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ವೆಪ್‌ನ ಬೀಗವನ್ನು 2001ರಲ್ಲೇ ಒಡೆದಾಗಿದೆ. ಹೊಸ ರೂಟರ್ ತನ್ನಿ.

ಮೂರನೆಯದು ಪಾಸ್‌ವರ್ಡ್ ಜಾಗ. 'ಪ್ರಿ-ಶೇರ್ಡ್ ಕೀ', 'ಪಾಸ್‌ಫ್ರೇಸ್', 'ವೈರ್‌ಲೆಸ್ ಪಾಸ್‌ವರ್ಡ್' ಹೀಗೆ ಏನಾದರೂ ಒಂದು ಹೆಸರಿರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಟೈಪ್ ಮಾಡಿ. ಕಣ್ಣಿನ ಗುರುತು ಒತ್ತಿ ಏನು ಟೈಪ್ ಆಗಿದೆ ಎಂದು ಒಮ್ಮೆ ಓದಿ ನೋಡಿ. ಇಲ್ಲಿ ಒಂದಕ್ಷರ ತಪ್ಪಿದರೆ ಯಾರೂ ಒಳಗೆ ಬರಲಾರರು. ಆಗ ಲ್ಯಾನ್ ವೈರ್ ಹಾಕಿಯೇ ಸರಿಪಡಿಸಬೇಕು.

ರೂಟರ್ ಈಚಿನದಾದರೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಇರುತ್ತವೆ. ಎರಡರಲ್ಲೂ ಬದಲಿಸಿ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟ ಮನೆಗಳೇ ಹೆಚ್ಚು. ಹಳೆಯ ಬಾಡಿಗೆ ಹುಡುಗ ಬೀದಿಯಲ್ಲಿ ಹಾದುಹೋಗುವಾಗ ಅವನ ಫೋನ್ ಬಿಟ್ಟದ್ದಕ್ಕೆ ತಾನಾಗಿ ಸೇರಿಕೊಳ್ಳುತ್ತದೆ.

'ಸೇವ್' ಅಥವಾ 'ಅಪ್ಲೈ' ಒತ್ತಿ. ಫೋನ್ ತಕ್ಷಣ ಕಡಿದುಹೋಗುತ್ತದೆ. ಪುಟ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಗಾಬರಿ ಬೇಡ, ಕೆಲಸ ಆಗಿದೆ ಎಂಬುದಕ್ಕೆ ಅದೇ ಗುರುತು. ಒಂದೆರಡು ನಿಮಿಷ ಬಿಟ್ಟು ಹೊಸ ಪಾಸ್‌ವರ್ಡ್‌ನಿಂದ ಸೇರಿ ನೋಡಿ.

ಮತ್ತೆ ಎಲ್ಲವನ್ನೂ ಸೇರಿಸುವುದು

ಕೆಲವು ಫೋನ್‌ಗಳು ಹೊಸ ಪಾಸ್‌ವರ್ಡ್ ಕೇಳುವುದೇ ಇಲ್ಲ. ಹಳೆಯದನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕೂರುತ್ತವೆ. ವೈಫೈ ಹೆಸರಿನ ಮೇಲೆ ಒತ್ತಿ 'ಫರ್ಗೆಟ್' ಮಾಡಿ, ಹೊಸದಾಗಿ ಸೇರಿಸಿ. ಒಂದು ಫೋನ್ ಸೇರಿದರೆ ಉಳಿದವಕ್ಕೆ ಟೈಪ್ ಮಾಡಬೇಕಿಲ್ಲ. ಆಂಡ್ರಾಯ್ಡ್ 10ರಿಂದ ಈಚೆಗೆ ವೈಫೈ ಪುಟದಲ್ಲಿ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಸ್ಕ್ಯಾನ್ ಮಾಡಿದರೆ ಆಯಿತು. ಆದರೆ ಆ ಚೌಕದೊಳಗೆ ಪಾಸ್‌ವರ್ಡ್ ಇದ್ದ ಹಾಗೇ ಬರೆದಿರುತ್ತದೆ, ಗುಟ್ಟಾಗಿ ಅಲ್ಲ. ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರೆ ಹೊಸಪೇಟೆಯ ಚಿಕ್ಕಪ್ಪನಿಗೂ, ಸಿಂಧನೂರಿನ ಬೀಗರಿಗೂ ಕೊಟ್ಟ ಹಾಗೆ.

ಕಾಟ ಕೊಡುವುದು ಬಲ್ಬು, ಪ್ಲಗ್ಗು, ಕ್ಯಾಮೆರಾಗಳು. ಇವು ಹೆಚ್ಚಾಗಿ 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. ಅವುಗಳ ಆಪ್ ತೆರೆದು ಹೊಸ ಸಾಧನ ಸೇರಿಸುವಂತೆಯೇ ಮತ್ತೆ ಸೇರಿಸಬೇಕು. ಗೇಟಿನ ಮೇಲಿನ ವೈಫೈ ಕ್ಯಾಮೆರಾ ಆದರೆ ಏಣಿ ಹಾಕಿ ಅದರ ಬಟನ್ ಒತ್ತಬೇಕಾಗಬಹುದು. ಮೇ ತಿಂಗಳಾದರೆ ಬಿಸಿಲೇರುವ ಮುಂಚೆ ಮುಗಿಸಿಕೊಳ್ಳಿ. ಡಿವಿಆರ್‌ಗೆ (ಕ್ಯಾಮೆರಾ ದೃಶ್ಯ ಉಳಿಸಿಡುವ ಡಬ್ಬಿ) ವೈರ್‌ನಿಂದ ಜೋಡಿಸಿದ, ಡಿವಿಆರ್‌ನಿಂದ ರೂಟರ್‌ಗೂ ವೈರೇ ಇರುವ ಕ್ಯಾಮೆರಾಗಳಿಗೆ ಏನೂ ಆಗುವುದಿಲ್ಲ.

ಸಂಜೆ ಮತ್ತೊಮ್ಮೆ ರೂಟರ್ ಪುಟಕ್ಕೆ ಹೋಗಿ 'ಕನೆಕ್ಟೆಡ್ ಡಿವೈಸಸ್' ಪಟ್ಟಿ ನೋಡಿ. 'ಎಸ್ಪ್ರೆಸಿಫ್' ಎಂಬ ಹೆಸರು ಕಂಡರೆ ಬೆಚ್ಚಿಬೀಳಬೇಡಿ, ಅದು ನಿಮ್ಮ ಸ್ಮಾರ್ಟ್ ಬಲ್ಬೋ ಪ್ಲಗ್ಗೋ ಇರಬಹುದು. ಅದರೊಳಗಿನ ಚಿಪ್ ತಯಾರಿಸುವ ಕಂಪನಿಯ ಹೆಸರದು. ಪಾಸ್‌ವರ್ಡ್ ಬದಲಿಸದೆ ಆ ಪಟ್ಟಿಯಲ್ಲೇ ಬೇಡದವರನ್ನು 'ಬ್ಲಾಕ್' ಮಾಡಿದರೆ ಸಾಲದೇ? ಸಾಲದು. ಈಗಿನ ಫೋನ್‌ಗಳು ತಮ್ಮ ಗುರುತಿನ ನಂಬರನ್ನೇ ಬದಲಿಸಿಕೊಳ್ಳಬಲ್ಲವು.

ಅದೇ ಕೂತಲ್ಲಿ ಮುಗಿಸಬೇಕಾದವು

ಪುಟ ತೆರೆದೇ ಇದೆಯಲ್ಲ, ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿಬಿಡಿ. ನನ್ನ ಪ್ರಕಾರ ವೈಫೈ ಪಾಸ್‌ವರ್ಡ್‌ಗಿಂತ ಇದೇ ದೊಡ್ಡ ಕಂಡಿ. ಅದು ಇನ್ನೂ 'ಅಡ್ಮಿನ್' ಎಂದೇ ಇದ್ದರೆ, ನಿಮ್ಮ ವೈಫೈ ಒಮ್ಮೆ ಪಡೆದ ಯಾರಾದರೂ ಒಳಗೆ ಹೋಗಿ ನಿಮ್ಮ ಹೊಸ ಪಾಸ್‌ವರ್ಡನ್ನೂ ಓದಬಹುದು, ಬದಲಿಸಲೂಬಹುದು. 'ಸಿಸ್ಟಮ್ ಟೂಲ್ಸ್' ಅಥವಾ 'ಮ್ಯಾನೇಜ್‌ಮೆಂಟ್' ಎಂಬಲ್ಲಿ ಹುಡುಕಿ. ವೈಫೈಗೆ ಇಟ್ಟದ್ದನ್ನೇ ಇಲ್ಲಿಗೂ ಇಡಬೇಡಿ.

'ಡಬ್ಲ್ಯುಪಿಎಸ್' ಆಫ್ ಮಾಡಿ. ಬಟನ್ ಒತ್ತಿ ಸೇರಿಸುವ ಸೌಲಭ್ಯ ಅದು. ಅದರ ಜೊತೆಗಿರುವ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುತ್ತದೆ. ಹಾಗಾಗಿ 11,000 ಪ್ರಯತ್ನದೊಳಗೆ ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಬಯಲಾಗಿದೆ. ನೀವು ಎಷ್ಟು ಉದ್ದದ ಪಾಸ್‌ವರ್ಡ್ ಇಟ್ಟರೂ ಈ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. 'ರಿಮೋಟ್ ಮ್ಯಾನೇಜ್‌ಮೆಂಟ್', ಅಂದರೆ ಹೊರಗಿನಿಂದ ನೆಟ್ ಮೂಲಕ ರೂಟರ್ ಪುಟ ತೆರೆಯುವ ಸೌಲಭ್ಯ, ನಿಮ್ಮ ಸ್ವಂತ ರೂಟರ್‌ನಲ್ಲಿ ಆನ್ ಇದ್ದರೆ ಅದೂ ಬೇಡ.

ಇನ್ನು ಗೆಸ್ಟ್ ನೆಟ್‌ವರ್ಕ್. ನಮ್ಮಲ್ಲಿ ಮನೆಗೆ ಬಂದವರು ನೀರು ಕುಡಿದ ಮೇಲೆ ಕೇಳುವ ಮೊದಲ ಮಾತು "ವೈಫೈ ಪಾಸ್‌ವರ್ಡ್ ಏನ್ರೀ?" ಎಂದು. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಅನ್ನಬೇಕಾಗಿಯೂ ಇಲ್ಲ. ರೂಟರ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ನೆಂಟರು, ಮೇಲಿನ ಪೋರ್ಷನ್‌ನವರು, ಶೆಡ್‌ನ ಹುಡುಗರು ಎಲ್ಲ ಅದಕ್ಕೇ ಸೇರಲಿ. ಯಾರಾದರೂ ಖಾಲಿ ಮಾಡಿದಾಗ ಅದೊಂದನ್ನು ಬದಲಿಸಿದರೆ ಮುಗಿಯಿತು. ನಿಮ್ಮ ಟಿವಿ, ಕ್ಯಾಮೆರಾ, ಸೋಲಾರ್ ಮುಟ್ಟುವ ಕೆಲಸವೇ ಇಲ್ಲ. ಫೈಬರ್ ಡಬ್ಬಿಯಲ್ಲಿ ಗೆಸ್ಟ್ ಎಂಬ ಹೆಸರಿಲ್ಲದೆ ಎರಡನೇ, ಮೂರನೇ ಎಸ್‌ಎಸ್‌ಐಡಿ ಎಂದಿರಬಹುದು. ಅದನ್ನು ಬಳಸುವಾಗ 'ಐಸೊಲೇಷನ್' ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಅವರ ಫೋನಿಗೆ ನಿಮ್ಮ ಪ್ರಿಂಟರ್, ಡಿವಿಆರ್ ಎಲ್ಲ ಕಾಣಬಹುದು.

ರೂಟರ್ 'ಫರ್ಮ್‌ವೇರ್ ಅಪ್‌ಡೇಟ್' (ಅದರೊಳಗಿನ ಸಾಫ್ಟ್‌ವೇರ್‌ನ ಹೊಸ ಆವೃತ್ತಿ) ತೋರಿಸಿದರೆ ಮಾಡಿಕೊಳ್ಳಿ, ಆದರೆ ಯುಪಿಎಸ್ ಇದ್ದಾಗ ಮಾತ್ರ. ಅರ್ಧದಲ್ಲಿ ಕರೆಂಟ್ ಹೋದರೆ ಡಬ್ಬಿ ಮತ್ತೆ ಏಳದೇ ಹೋಗಬಹುದು.

ರೀಸೆಟ್ ಬಟನ್

ರೂಟರ್ ಹಿಂದೆ ಪಿನ್ ಹಾಕಿ ಒತ್ತುವ ಸಣ್ಣ ತೂತು ಇರುತ್ತದೆ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಎಲ್ಲವೂ ಹೊಸದಾಗುತ್ತದೆ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಕೊಂಡ ರೂಟರ್ ಫೈಬರ್ ಡಬ್ಬಿಯ ಹಿಂದೆ ಸುಮ್ನೆ ಕೂತಿದ್ದರೆ ಅದು ಸರಿ. ಫೈಬರ್ ಡಬ್ಬಿಗೇ ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡ್ ಜೊತೆಗೆ ನೆಟ್ ಬರಲು ಬೇಕಾದ ಸೆಟ್ಟಿಂಗ್‌ಗಳೂ ಅಳಿಸಿಹೋಗಬಹುದು. ಆಮೇಲೆ ವೈಫೈ ಕಾಣುತ್ತದೆ, ನೆಟ್ ಬರುವುದಿಲ್ಲ. ಕೇಬಲ್‌ನವರು ಬಂದು ಸರಿಮಾಡುವ ತನಕ ಕಾಯಬೇಕು. ಅವರು ಯಾವಾಗ ಬರುತ್ತಾರೋ ನಿಮಗೇ ಗೊತ್ತು.

ರೀಸೆಟ್ ಮಾಡಲೇಬೇಕಾದರೆ ಮೊದಲು ಅವರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಪಿಪಿಪಿಒಇ (ಡಬ್ಬಿ ನೆಟ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಅದರ ಪಾಸ್‌ವರ್ಡ್, ಮತ್ತು ವಿಲ್ಯಾನ್ ನಂಬರ್ (ಕಂಪನಿ ತನ್ನ ಜಾಲದಲ್ಲಿ ನಿಮ್ಮ ನೆಟ್‌ಗೆ ಇಟ್ಟ ದಾರಿಯ ನಂಬರ್). ಮೂರೂ ಕೈಯಲ್ಲಿದ್ದರೆ ರೀಸೆಟ್ ಆದ ಮೇಲೆ 'ವ್ಯಾನ್' ಎಂಬ ಪುಟದಲ್ಲಿ ನೀವೇ ತುಂಬಬಹುದು. ಕೊಡಲು ಒಪ್ಪದಿದ್ದರೆ ಆ ಬಟನ್ ಮುಟ್ಟಬೇಡಿ, ಅವರನ್ನೇ ಕರೆಸಿ. ಅವರು ಬಂದಾಗ ಹೊಸ ಪಾಸ್‌ವರ್ಡನ್ನು ಬಾಯಲ್ಲಿ ಹೇಳುವುದು ಬೇಡ, ನೀವೇ ಕೂತು ಟೈಪ್ ಮಾಡಿ.